ರಾತ್ರಿ ಬಿದ್ದು ಬೆಳಿಗ್ಗೆ ಪಾಸಾಗುವ ಟೆಸ್ಟ್‌ಗಳು

ಮುಕ್ತ ತಂತ್ರಾಂಶ ಯೋಜನೆಗಳಿಗೆ ಕೋಡ್ ಕಳುಹಿಸುವ ಗೆಳೆಯರು ದಿನಾಂಕವನ್ನು ಬಳಸುವ ಟೆಸ್ಟ್‌ಗಳ (ಕೋಡ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಪರಿಶೀಲಿಸುವ ಸಣ್ಣ ಪ್ರೋಗ್ರಾಂಗಳ) ಬಗ್ಗೆ ವಿಶೇಷ ಎಚ್ಚರ ವಹಿಸಬೇಕೆಂದು ಕೋರುತ್ತೇನೆ. ದಾಖಲೆಯ ದಿನಾಂಕವನ್ನು ಕೋಡ್ ಯುಟಿಸಿಯಲ್ಲಿ (ಜಗತ್ತಿನ ಕಾಲಮಾನಗಳಿಗೆಲ್ಲ ಆಧಾರವಾದ ಸಮಯದಲ್ಲಿ) ಬರೆದಿಟ್ಟು, ಟೆಸ್ಟ್ ಮಾತ್ರ ಅದನ್ನು ಕಂಪ್ಯೂಟರಿನ ಸ್ಥಳೀಯ ದಿನಾಂಕದೊಂದಿಗೆ ಹೋಲಿಸುತ್ತಿದ್ದರೆ, ಯುಟಿಸಿಯಲ್ಲೇ ಓಡುವ ಸರ್ವರ್‌ನಲ್ಲಿ ಅದು ಸದಾ ಪಾಸಾಗುತ್ತದೆ. ಆದರೆ ಭಾರತೀಯ ಕಾಲಮಾನವು 5 ಗಂಟೆ 30 ನಿಮಿಷ ಮುಂದಿರುವುದರಿಂದ, ನಮ್ಮ ಲ್ಯಾಪ್‌ಟಾಪ್‌ನಲ್ಲಿ ಮಧ್ಯರಾತ್ರಿಯಿಂದ ಬೆಳಗಿನ 5.30ರವರೆಗೆ ತಪ್ಪದೇ ಫೇಲಾಗುತ್ತದೆ. ರಾತ್ರಿ ಒಂದು ಗಂಟೆಗೆ ಬಿದ್ದ ಟೆಸ್ಟ್ ಬೆಳಿಗ್ಗೆ ಏನನ್ನೂ ಬದಲಿಸದೆ ಪಾಸಾದರೆ ಮೊದಲು ಇದನ್ನೇ ಅನುಮಾನಿಸಿ.

ಅಂಥ ಟೆಸ್ಟನ್ನು ದಯವಿಟ್ಟು ಸ್ಕಿಪ್ ಮಾಡಬೇಡಿ, ಪಾಸಾಗುವವರೆಗೆ ಮತ್ತೆ ಮತ್ತೆ ಓಡಿಸಲೂ ಬೇಡಿ. ಹಾಗೆ ಮಾಡಿದರೆ ಮುಂದೆ ನಿಜವಾದ ದೋಷ ಬಂದಾಗಲೂ ಯಾರೂ ಅದನ್ನು ಗಮನಿಸುವುದಿಲ್ಲ. ದಿನಾಂಕ ಬರೆಯುವ ಫಂಕ್ಷನ್ (ಕೋಡ್‌ನ ಆ ಭಾಗ) ತಾನೇ ಗಡಿಯಾರ ನೋಡುವ ಬದಲು ಸಮಯವನ್ನು ಆರ್ಗ್ಯುಮೆಂಟ್ ಆಗಿ, ಅಂದರೆ ಹೊರಗಿನಿಂದ ಕೊಡುವ ಮೌಲ್ಯವಾಗಿ, ಪಡೆಯುವಂತೆ ಬದಲಿಸಿ, ಟೆಸ್ಟ್‌ನಲ್ಲಿ ಟೈಮ್‌ಝೋನ್ ಸಹಿತ ಒಂದು ನಿಶ್ಚಿತ ಸಮಯವನ್ನು ಕೊಡಿ. ನಾನು ಭಾರತೀಯ ಕಾಲಮಾನದ ರಾತ್ರಿ 1 ಗಂಟೆಯನ್ನೇ ಕೊಡುತ್ತೇನೆ. ದಿನಾಂಕವಾಗಿ 2024ರ ಮಾರ್ಚ್ 1ನ್ನು ಆರಿಸಿಕೊಂಡರೆ, ಆ ಹೊತ್ತಿಗೆ ಯುಟಿಸಿಯಲ್ಲಿ ಇನ್ನೂ ಫೆಬ್ರವರಿ 29 ಇರುವುದರಿಂದ, ಅಧಿಕ ವರ್ಷದ ಪರೀಕ್ಷೆಯೂ ಅದರಲ್ಲೇ ಆಗುತ್ತದೆ. ಪುಲ್ ರಿಕ್ವೆಸ್ಟ್ (ನಿಮ್ಮ ಬದಲಾವಣೆಯನ್ನು ಯೋಜನೆಗೆ ಸೇರಿಸಿಕೊಳ್ಳಲು ಕೋರುವ ಮನವಿ) ಕಳುಹಿಸುವ ಮುನ್ನ ಎಲ್ಲ ಟೆಸ್ಟ್‌ಗಳನ್ನು ಒಮ್ಮೆ ಯುಟಿಸಿಯಲ್ಲಿ, ಇನ್ನೊಮ್ಮೆ ಭಾರತೀಯ ಕಾಲಮಾನದಲ್ಲಿ ಓಡಿಸಿ ನೋಡಿ.