ರೆಡಿಮೇಡ್ ಜಾಹೀರಾತು ವೆಬ್‌ಸೈಟ್ ಕೊಳ್ಳಬಹುದೇ? ಕೊಂಡವನ ಅನುಭವ

ತಿಂಗಳಿಗೆ ಇಷ್ಟು ಡಾಲರ್ ಬರುತ್ತದೆ, ಆಡ್‌ಸೆನ್ಸ್ (ಸೈಟಿನಲ್ಲಿ ಜಾಹೀರಾತು ಹಾಕಿ ದುಡ್ಡು ಕೊಡುವ ಗೂಗಲ್ ಸೇವೆ) ಅಪ್ರೂವಲ್ ಆಗಿದೆ, ನೀವು ಒಂದಕ್ಷರ ಬರೆಯಬೇಕಿಲ್ಲ ಎಂದು ಮಾರುವ ವೆಬ್‌ಸೈಟ್‌ಗಳ ಬಗ್ಗೆ ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯ ಹುಡುಗರು ನನ್ನನ್ನು ಆಗಾಗ ಕೇಳುತ್ತಾರೆ. ಊರಲ್ಲೇ ಇದ್ದು, ತೋಟ ನೋಡಿಕೊಂಡು, ಜೊತೆಗೊಂದು ಆದಾಯ ಮಾಡಿಕೊಳ್ಳಬೇಕು ಅನ್ನುವ ಆಸೆ ನ್ಯಾಯವಾದದ್ದೇ. ನಾನೂ ಅದೇ ಆಸೆಯಿಂದ ಈ ಕೆಲಸಕ್ಕೆ ಇಳಿದವನು. ಮಾರುವುದಕ್ಕೆಂದೇ ಕಟ್ಟಿದ ಸೈಟಾದರೆ ಕೊಳ್ಳಬೇಡಿ ಅಂತಲೇ ಹೇಳುತ್ತೇನೆ. ಯಾರೋ ಓದುಗರಿಗಾಗಿ ವರ್ಷಗಟ್ಟಲೆ ಬರೆದ ಸೈಟು ಮಾರಾಟಕ್ಕೆ ಬಂದಿದ್ದರೆ ಮಾತ್ರ ಕೂತು ನೋಡಬೇಕು. ನಾನು ಕೊಂಡದ್ದು ಅಂಥದ್ದೊಂದನ್ನು.

ಮೊದಲು ಒಂದು ವಿಷಯ ತಲೆಯಲ್ಲಿರಲಿ. ಆಡ್‌ಸೆನ್ಸ್ ಖಾತೆ ಮಾರುವ ವಸ್ತುವಲ್ಲ. ಗೂಗಲ್ ನಿಯಮದಲ್ಲಿ ಒಬ್ಬರಿಗೆ ಒಂದೇ ಖಾತೆ, ಅದನ್ನು ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಸೈಟು ಕೊಂಡ ಮೇಲೆ ಅದನ್ನು ನಿಮ್ಮ ಖಾತೆಗೆ ಸೇರಿಸಬೇಕು, ಗೂಗಲ್ ಮತ್ತೆ ಪರಿಶೀಲನೆ ಮಾಡುತ್ತದೆ, ಬೇಡ ಅನ್ನಿಸಿದರೆ ತಿರಸ್ಕರಿಸುತ್ತದೆ. ಹಾಗಾಗಿ ಅಪ್ರೂವಲ್ ಆಗಿದೆ ಅನ್ನುವ ಮಾತಿಗೆ ದುಡ್ಡು ಕೊಟ್ಟರೆ ಕೈಗೆ ಏನೂ ಬಂದಿರುವುದಿಲ್ಲ. ಕೆಲವರು ಜಿಮೇಲ್ ಪಾಸ್‌ವರ್ಡನ್ನೇ ಕೊಟ್ಟುಬಿಡುತ್ತೇವೆ ಅನ್ನುತ್ತಾರೆ. ಆ ಖಾತೆಯ ಹೆಸರು ಅವರದು, ಬ್ಯಾಂಕಿನ ವಿವರ ಅವರದು, ವಿಳಾಸ ಅವರದು. ಗೂಗಲ್‌ಗೆ ಸಂಶಯ ಬಂದ ದಿನ ಖಾತೆ ಮುಚ್ಚುತ್ತದೆ, ಅದರಲ್ಲಿದ್ದ ಬಾಕಿಯೂ ಹೋಗುತ್ತದೆ.

ಆಡ್‌ಸೆನ್ಸ್ ಶುರುವಾದದ್ದು 2003ರಲ್ಲಿ. ಆಗಿನಿಂದಲೂ ಒಂದೇ ಅಚ್ಚಿನ ಸೈಟುಗಳನ್ನು ಡಜನ್ ಲೆಕ್ಕದಲ್ಲಿ ಮಾಡಿ ಮಾರುವವರಿದ್ದಾರೆ. 2011ರ ಫೆಬ್ರವರಿಯಲ್ಲಿ ಗೂಗಲ್ ತನ್ನ ಹುಡುಕಾಟದಲ್ಲಿ ತಂದ ಪಾಂಡಾ ಎಂಬ ಬದಲಾವಣೆ ಅಂಥ ತೆಳು ಸೈಟುಗಳನ್ನು ಪಾತಾಳಕ್ಕೆ ತಳ್ಳಿತು. 2024ರ ಮಾರ್ಚಿನಲ್ಲಿ ಗೂಗಲ್ ಇನ್ನೂ ಬಿಗಿ ಮಾಡಿತು. ರಾಶಿಗಟ್ಟಲೆ ಉತ್ಪಾದಿಸಿದ ಬರಹ, ಅವಧಿ ಮುಗಿದ ಹಳೇ ಡೊಮೇನ್ (ಸೈಟಿನ ವಿಳಾಸ) ಹಿಡಿದು ಅದರ ಹೆಸರಿನ ಮೇಲೆ ಕಸ ತುಂಬುವುದು, ಎರಡನ್ನೂ ಸ್ಪ್ಯಾಮ್ ಎಂದು ಹೆಸರಿಸಿಯೇ ನಿಯಮ ಬರೆಯಿತು. ಇವತ್ತು ರೆಡಿಮೇಡ್ ಅಂತ ಮಾರುತ್ತಿರುವುದರಲ್ಲಿ ಬಹುಪಾಲು ಈ ಎರಡು ಜಾತಿಯದೇ.

ನನಗೆ ಬಂದ ಅಂಥದ್ದೊಂದು ಕೃಷಿ ಸೈಟಿನ ಕತೆ ಹೇಳಲೇಬೇಕು. ನೋಡಲು ಅಚ್ಚುಕಟ್ಟು, ಮುಖಪುಟದಲ್ಲಿ ಹಸಿರು ತೋಟದ ಫೋಟೋ. ನಾನು ನೇರ ಕೊಳೆರೋಗದ ಲೇಖನ ತೆಗೆದೆ. ಮಳೆಗಾಲಕ್ಕೆ ಮುಂಚೆ ಅಡಿಕೆ ಗೊನೆಗೆ ಹೊಡೆಯಲು ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 10 ಲೀಟರ್ ನೀರು ಎಂದು ಬರೆದಿತ್ತು. ಗೊನೆಗೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣಕ್ಕೆ ಅಷ್ಟೇ ಮೈಲುತುತ್ತ, ಅಷ್ಟೇ ಸುಣ್ಣಕ್ಕೆ 100 ಲೀಟರ್ ನೀರು ಬೇಕು. ಹತ್ತು ಲೀಟರಿಗೆ ಹಾಕಿದರೆ ಅದು ಗಿಡದ ಕಾಂಡಕ್ಕೋ ಗಾಯಕ್ಕೋ ಬಳಿಯುವ ಬೋರ್ಡೋ ಮುಲಾಮು. ಯಾವನೋ ಎರಡು ಲೇಖನ ಕತ್ತರಿಸಿ ಅಂಟಿಸಿದ್ದಾನೆ, ಓದಿಯೂ ನೋಡಿಲ್ಲ. ಹೊಸದಾಗಿ ತೋಟ ಮಾಡಿದವನೊಬ್ಬ ಅದನ್ನು ನಂಬಿ ಗೊನೆಗೆ ಹೊಡೆದರೆ ಗತಿಯೇನು? ಆದಾಯದ ಲೆಕ್ಕ ಕೇಳದೆಯೇ ನಾನು ಆ ಮಾತುಕತೆ ನಿಲ್ಲಿಸಿದೆ. ನನ್ನ ಹೆಸರಿನಲ್ಲಿ ನಡೆಯುವ ಸೈಟಿನಲ್ಲಿ ಅಂಥದ್ದೊಂದು ಸಾಲು ಇರುವುದನ್ನು ನಾನು ಸಹಿಸಲಾರೆ.

ಕೊನೆಗೆ ಕೊಂಡದ್ದು ಸಾಗರ ಸೀಮೆಯ ಒಬ್ಬ ಕೃಷಿಕರು ನಡೆಸುತ್ತಿದ್ದ ಕನ್ನಡ ಸೈಟು. ಮಕ್ಕಳ ಜೊತೆ ಇರಲು ಬೆಂಗಳೂರಿಗೆ ಹೊರಟಿದ್ದರು, ಇನ್ನು ಮುಂದುವರಿಸಲಾಗದು ಎಂದರು. ಕಾಳುಮೆಣಸಿನ ಸೊರಗು ರೋಗ, ಅಡಿಕೆಯ ಎಲೆಚುಕ್ಕಿ, ಜೇನುಪೆಟ್ಟಿಗೆ, ಬಸಿಗಾಲುವೆ ಮೇಲೆ ಬರೆದಿದ್ದರು. ಫೋಟೋಗಳೆಲ್ಲ ಅವರ ತೋಟದವೇ. ಹಾಗಂತ ನಂಬಿ ದುಡ್ಡು ಎಣಿಸಿಕೊಡಲಿಲ್ಲ.

ಆದಾಯದ ಸ್ಕ್ರೀನ್‌ಶಾಟ್ ನಾನು ಯಾರಿಂದಲೂ ತೆಗೆದುಕೊಳ್ಳುವುದಿಲ್ಲ. ಬ್ರೌಸರಿನಲ್ಲೇ ಇರುವ ಇನ್‌ಸ್ಪೆಕ್ಟ್ ಸಲಕರಣೆಯಿಂದ ಯಾವ ಅಂಕಿಯನ್ನಾದರೂ ಒಂದು ನಿಮಿಷದಲ್ಲಿ ಬದಲಿಸಬಹುದು. ವಿಡಿಯೋ ಕಾಲ್‌ನಲ್ಲಿ ಅವರ ಪರದೆ ತೋರಿಸಲು ಹೇಳಿ, ಆಡ್‌ಸೆನ್ಸ್ ಪುಟವನ್ನು ನನ್ನ ಕಣ್ಣೆದುರೇ ರಿಫ್ರೆಶ್ ಮಾಡಿಸಿದೆ. ಆಮೇಲೆ ಹುಡುಕಾಟದಿಂದ ಸೈಟಿಗೆ ಯಾರು ಬರುತ್ತಾರೆಂದು ಮಾಲೀಕರಿಗೆ ತೋರಿಸುವ ಗೂಗಲ್ ಸರ್ಚ್ ಕನ್ಸೋಲ್‌ಗೆ ನನ್ನನ್ನು ಬಳಕೆದಾರನಾಗಿ ಸೇರಿಸಲು ಕೇಳಿದೆ. ಸೈಟಿನ ನಿಜ ಬಣ್ಣ ಕಾಣುವುದು ಇಲ್ಲೇ, ನಾನು ಹೆಚ್ಚು ಹೊತ್ತು ಕಳೆದದ್ದೂ ಇಲ್ಲೇ. ಅದರಲ್ಲಿ 16 ತಿಂಗಳ ದಾಖಲೆ ಸಿಗುತ್ತದೆ. ಅಷ್ಟನ್ನೂ ನೋಡಬೇಕು, ಯಾಕೆಂದರೆ ಮಲೆನಾಡಿನ ವಿಷಯಕ್ಕೆ ಋತು ಉಂಟು. ಅಡಿಕೆ ಸುಗ್ಗಿಯ ಮೂರು ತಿಂಗಳು ತೋರಿಸಿ ವರ್ಷವಿಡೀ ಹೀಗೇ ಅನ್ನುವವರಿದ್ದಾರೆ. ಮ್ಯಾನ್ಯುವಲ್ ಆ್ಯಕ್ಷನ್ ಪುಟ ಖಾಲಿ ಇದೆಯೇ ಎಂದು ನೋಡಿದೆ. ಅಲ್ಲಿ ಏನಾದರೂ ಇದ್ದರೆ ಗೂಗಲ್ ಆ ಸೈಟಿಗೆ ದಂಡ ಹಾಕಿದೆ ಎಂದರ್ಥ, ಮಾತು ಅಲ್ಲಿಗೇ ಮುಗಿಯಿತು.

ನಂತರ ಜನ ಏನೆಂದು ಹುಡುಕಿ ಬರುತ್ತಾರೆ ಎಂಬ ಪಟ್ಟಿ. ‘ಇಂದಿನ ಅಡಿಕೆ ಧಾರಣೆ’ ಎಂದು ಬರುವವರು ಬಹಳ ಮಂದಿ. ಅವರಿಗೆ ನಾನು ಬೆಲೆ ಕಟ್ಟಲಿಲ್ಲ. ರಾಶಿ, ಬೆಟ್ಟೆ, ಸರಕು, ಗೊರಬಲು, ಅಡಿಕೆಯ ಈ ನಾಲ್ಕು ಬಗೆಗಳ ದರ ಮಾರುಕಟ್ಟೆಯಿಂದ ಹೊರಬಿದ್ದ ಕೂಡಲೇ ಎಲ್ಲ ವಾಟ್ಸ್ಆ್ಯಪ್ ಗುಂಪಿನಲ್ಲೂ ಇರುತ್ತದೆ. ನಾಳೆ ಇನ್ನೊಬ್ಬ ಅದೇ ದರ ಹಾಕಿದರೆ ಆ ಓದುಗ ಅತ್ತ ಹೋಗುತ್ತಾನೆ. ಆದರೆ ಪಟ್ಟಿಯ ಕೆಳಗೆ, ಸಣ್ಣ ಸಂಖ್ಯೆಯಲ್ಲಿ, ಮೆಣಸಿನ ಬಳ್ಳಿ ಎಲೆ ಹಳದಿಯಾಗಿ ಉದುರುವುದರ ಬಗ್ಗೆ ಉದ್ದುದ್ದ ಪ್ರಶ್ನೆಗಳಿದ್ದವು. ಸೈಟಿನ ಹೆಸರನ್ನೇ ಬರೆದು ಹುಡುಕುವವರಿದ್ದರು. ಹೆಸರು ಹಿಡಿದು ಬರುವ ಓದುಗ ಇದ್ದಾನೆಂದರೆ ಆ ಸೈಟಿಗೆ ಜೀವ ಇದೆ. ನಾನು ದುಡ್ಡು ಕೊಟ್ಟದ್ದು ಅವರಿಗಾಗಿ.

ಸೈಟುಗಳ ಹಳೇ ಪ್ರತಿಗಳನ್ನು ಕಾದಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಡೊಮೇನಿನ ಹಳೇ ಜನ್ಮವನ್ನೂ ನೋಡಿದೆ. ಮೊದಲಿನಿಂದ ಕೃಷಿಯೇ. ಅಲ್ಲೇನಾದರೂ ಜೂಜಿನ ಪುಟ ಕಂಡಿದ್ದರೆ ಬಿಟ್ಟುಬಿಡುತ್ತಿದ್ದೆ. ಒಂದೊಂದು ಲೇಖನದಿಂದ ಒಂದು ಉದ್ದ ಸಾಲು ತೆಗೆದು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್ ಮಾಡಿದೆ. ಸಾಲು ಬೇರೆಲ್ಲೂ ಮೊದಲೇ ಬಂದಿರಲಿಲ್ಲ.

ದರದ ವಿಷಯ. ಇಂಥ ಸೈಟುಗಳಿಗೆ ಮಾರಾಟದ ತಾಣಗಳಲ್ಲಿ ಸಾಮಾನ್ಯವಾಗಿ ಎರಡು, ಮೂರು ವರ್ಷದ ಲಾಭವನ್ನು ಬೆಲೆಯಾಗಿ ಕೇಳುತ್ತಾರೆ. ನಾನು ಒಂದೂವರೆ ವರ್ಷದ್ದಕ್ಕಿಂತ ಮೇಲೆ ಹೋಗಲಿಲ್ಲ. ಕನ್ನಡ ಓದುಗರಿಗೆ ಬರುವ ಜಾಹೀರಾತಿನ ದರ ಅಮೆರಿಕದ ಇಂಗ್ಲಿಷ್ ಓದುಗರಿಗೆ ಬರುವುದರ ಹತ್ತಿರವೂ ಇಲ್ಲ. ಲಾಭ ಲೆಕ್ಕ ಹಾಕುವಾಗ ಹೋಸ್ಟಿಂಗ್ (ಸೈಟು ಇಡುವ ಸರ್ವರಿನ ಬಾಡಿಗೆ), ಡೊಮೇನ್ ನವೀಕರಣದ ಜೊತೆ ಬರೆಯುವವನ ಕೂಲಿಯನ್ನೂ ಕಳೆಯಬೇಕು. ಚೇಣಿ, ಅಂದರೆ ಫಸಲಿನ ಗುತ್ತಿಗೆ, ಹಿಡಿಯುವವನು ಈ ವರ್ಷದ ಗೊನೆ ಎಣಿಸಿದರೆ ಸಾಕು, ತೋಟವನ್ನೇ ಕೊಳ್ಳುವವನು ಮುಂದಿನ ವರ್ಷದ ಗೊಬ್ಬರ, ಆಳು ಎಲ್ಲ ಲೆಕ್ಕ ಹಾಕುತ್ತಾನಲ್ಲ, ಹಾಗೆ.

ಕೈಬದಲಾವಣೆ ನಿಧಾನವಾಗಿಯೇ ಮಾಡಿದೆವು. ಛಾಪಾ ಕಾಗದದಲ್ಲಿ ಕರಾರು, ಲೇಖನ ಮತ್ತು ಫೋಟೋಗಳ ಹಕ್ಕು ನನಗೆ ಎಂದು ಸ್ಪಷ್ಟ ಸಾಲು. ಅರ್ಧ ಹಣ ಮೊದಲು, ಡೊಮೇನ್ ನನ್ನ ಖಾತೆಗೆ ಬಂದ ಮೇಲೆ ಉಳಿದದ್ದು. ಡೇಟಾಬೇಸಿನ ಪೂರ್ತಿ ಬ್ಯಾಕಪ್ ಇಳಿಸಿಕೊಂಡು, ಬೇರೆ ಹೋಸ್ಟಿಂಗ್‌ನಲ್ಲಿ ಏರಿಸಿ ಓಡುತ್ತದೆಯೇ ನೋಡಿದ ಮೇಲೆಯೇ ಹಳೆಯದನ್ನು ಮುಚ್ಚಿದ್ದು. ಆಮೇಲೆ ‘ಪಬ್’ ಎಂದು ಶುರುವಾಗುವ ಹಳೇ ಪಬ್ಲಿಷರ್ ಸಂಖ್ಯೆಯನ್ನು (ಹಳೇ ಮಾಲೀಕರ ಆಡ್‌ಸೆನ್ಸ್ ಖಾತೆಯ ಗುರುತು) ಸೈಟಿನ ವಿನ್ಯಾಸದ, ಅಂದರೆ ಥೀಮಿನ, ಕಡತಗಳಲ್ಲೆಲ್ಲ ಹುಡುಕಿ ತೆಗೆದೆ. ಸೈಟಿನಲ್ಲಿ ಜಾಹೀರಾತು ಮಾರಲು ಯಾರಿಗೆ ಅನುಮತಿ ಎಂದು ಹೇಳುವ ಆಡ್ಸ್ ಡಾಟ್ ಟಿಎಕ್ಸ್‌ಟಿ (ads.txt) ಕಡತದಲ್ಲಿ ಹಳೇ ಸಾಲು ಅಳಿಸಿ ನನ್ನ ಸಂಖ್ಯೆ ಹಾಕಿದೆ. ಇದನ್ನು ಮರೆತರೆ ನಿಮ್ಮ ಸೈಟಿನ ಜಾಹೀರಾತಿನ ದುಡ್ಡು ಹಳೇ ಮಾಲೀಕರ ಖಾತೆಗೆ ಹೋಗುತ್ತಿರುತ್ತದೆ.

ಆಡ್‌ಸೆನ್ಸ್ ಹೊಸದಾಗಿ ಮಾಡುವವರಿಗೆ ಒಂದು ಮಾತು: ಗಳಿಕೆ 10 ಡಾಲರ್ ತಲುಪಿದಾಗ ವಿಳಾಸ ಖಚಿತಪಡಿಸುವ ಪಿನ್ ಸಾದಾ ಅಂಚೆಯಲ್ಲಿ ಬರುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಟಪಾಲು ತಡವಾಗುತ್ತದೆ, ಹಾಗಾಗಿ ವಿಳಾಸದಲ್ಲಿ ಅಂಚೆ ಕಚೇರಿಯ ಹೆಸರು, ಪಿನ್‌ಕೋಡ್ ಸರಿ ಬರೆದು ಪೋಸ್ಟ್‌ಮ್ಯಾನ್‌ಗೆ ಹೇಳಿಡಿ. ನಾಲ್ಕು ತಿಂಗಳೊಳಗೆ ಪಿನ್ ಹಾಕದಿದ್ದರೆ ಜಾಹೀರಾತು ನಿಲ್ಲುತ್ತದೆ. ಹಣ ಬ್ಯಾಂಕಿಗೆ ಬರುವುದು 100 ಡಾಲರ್ ಸೇರಿದ ಮೇಲೆ, ಸಣ್ಣ ಸೈಟಿಗೆ ಅಷ್ಟು ಸೇರಲು ತಿಂಗಳುಗಳೇ ಬೇಕು.

ಕೊಂಡ ಮೇಲೆ ಲೇಖನದ ನಡುನಡುವೆ ತುರುಕಿದ್ದ ಜಾಹೀರಾತುಗಳಲ್ಲಿ ಅರ್ಧದಷ್ಟನ್ನು ತೆಗೆದೆ. ಎರಡು ಕಡ್ಡಿ ನೆಟ್‌ವರ್ಕ್‌ನಲ್ಲಿ ಪುಟ ತೆರೆಯಲು ಒದ್ದಾಡುವ ನಿಟ್ಟೂರಿನ ರೈತನೇ ನನ್ನ ಓದುಗ. ರೋಗದ ಲೇಖನಗಳನ್ನು ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ಶಿಫಾರಸಿನ ಜೊತೆ ಇಟ್ಟು ತಿದ್ದುತ್ತೇನೆ. ಹಾಕಿದ ಹಣ ವಾಪಸ್ ಬಂದಿದೆ, ಆದರೆ ಅದು ಸುಮ್ಮನೆ ಕೂತು ಬಂದದ್ದಲ್ಲ, ವಾರಕ್ಕೊಂದು ಲೇಖನ ಬರೆದು ಬಂದದ್ದು. ಮೊದಲ ಮಳೆಗಾಲ ಕಳೆಯುವವರೆಗೆ ತಿಂಗಳಿಗೊಂದು ಲೇಖನ ಬರೆದುಕೊಡಬೇಕೆಂದು ಹಳೇ ಮಾಲೀಕರ ಕರಾರಿನಲ್ಲೇ ಹಾಕಿಸಿದ್ದೆ, ಅವರು ಇವತ್ತಿಗೂ ಬರೆಯುತ್ತಾರೆ. ಕೊಳ್ಳುವವರು ಈ ಷರತ್ತು ಕೇಳಿ ನೋಡಿ. ಇಂಥ ಸೈಟು ಸಿಗದಿದ್ದರೆ, ಅಥವಾ ಎರಡು ವರ್ಷದ ಲಾಭಕ್ಕಿಂತ ಹೆಚ್ಚು ಕೇಳಿದರೆ, ಅದೇ ದುಡ್ಡಿನಲ್ಲಿ ಬರೆಯಬಲ್ಲ ಒಬ್ಬ ತೋಟಗಾರಿಕೆ ಪದವೀಧರರಿಗೆ ಸಂಭಾವನೆ ಕೊಟ್ಟು ಹೊಸ ಡೊಮೇನಿನಲ್ಲಿ ನೀವೇ ಶುರು ಮಾಡಿ.