ಪೀಣ್ಯದ ಟ್ರಾಲಿಗೆ ವಿಕ್ಸೆಲ್ ಲೇಸರ್ ಕೂರಿಸಿದ್ದು: ನನ್ನ ಅನುಭವ

ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಹಳಿ ಮೇಲೆ ಓಡಾಡುವ ಟ್ರಾಲಿ ಇದೆ. ಸುಮಾರು 20 ಮೀಟರ್ ಓಟ. ಅದರ ಮೇಲಿನ ಕ್ಯಾಮೆರಾ ಚಿತ್ರ ಗೋಡೆ ಪಕ್ಕದ ಪ್ಯಾನೆಲ್‌ಗೆ ಬರಬೇಕಿತ್ತು. ಕೇಬಲ್ ಮಡಚಿ ಬಿಚ್ಚಿ ಒಳಗಿನ ತಂತಿ ತುಂಡಾಗುತ್ತಿತ್ತು. ವೈಫೈ ಹಾಕಿದರೆ ಸುತ್ತ ಕಬ್ಬಿಣದ ಶೆಡ್, ಜೊತೆಗೆ ಅಕ್ಕಪಕ್ಕದವರದೆಲ್ಲ ವೈಫೈ, ಚಿತ್ರ ನಿಂತು ನಿಂತು ಬರುತ್ತಿತ್ತು. ಹಾಗಾಗಿ ಟ್ರಾಲಿಯಿಂದ ಗೋಡೆಗೆ ಬೆಳಕಲ್ಲೇ ಡೇಟಾ ಕಳಿಸುವುದು ಅಂತ ತೀರ್ಮಾನ ಮಾಡಿದೆ, ಅದಕ್ಕೆ 850 ನ್ಯಾನೊಮೀಟರ್ ತರಂಗಾಂತರದ ವಿಕ್ಸೆಲ್ (VCSEL) ಅನ್ನುವ ಪುಟ್ಟ ಲೇಸರ್ ಚಿಪ್ ಆರಿಸಿಕೊಂಡೆ.

ಮಾಮೂಲಿ ಲೇಸರ್ ಡಯೋಡ್‌ನಲ್ಲಿ ಬೆಳಕು ಚಿಪ್‌ನ ಅಂಚಿನಿಂದ ಬರುತ್ತದೆ, ವಿಕ್ಸೆಲ್‌ನಲ್ಲಿ ಮೇಲ್ಮೈಯಿಂದ ನೇರ ಮೇಲಕ್ಕೆ. ಟೋಕಿಯೊದ ಕೆನಿಚಿ ಇಗಾ 1977ರಲ್ಲಿ ಇದನ್ನು ಯೋಚಿಸಿದರು. ಕೋಣೆಯ ತಾಪದಲ್ಲಿ ನಿಲ್ಲದೆ ಉರಿಯುವಂತೆ ಆಗಿದ್ದು 1988ರಲ್ಲಿ. ಬೆಳಕು ಬೆಳೆಯುವ ಪದರ ಇದರಲ್ಲಿ ತುಂಬ ತೆಳು, ಅದಕ್ಕೇ ಮೇಲೆ ಕೆಳಗೆ ಶೇಕಡ 99ಕ್ಕಿಂತ ಜಾಸ್ತಿ ಪ್ರತಿಫಲಿಸುವ ಕನ್ನಡಿ ಬೇಕು, ಅದನ್ನು ಪದರದ ಮೇಲೆ ಪದರ ಬೆಳೆಸಿ ಮಾಡುತ್ತಾರೆ. ಡೇಟಾ ಸೆಂಟರ್‌ಗಳ ಮಲ್ಟಿಮೋಡ್ ಫೈಬರ್ ಕೊಂಡಿಗಳಲ್ಲಿ ಇರುವುದು ಇದೇ. 2017ರ ಐಫೋನ್ ಎಕ್ಸ್ ಮುಖ ಗುರುತಿಸಲು ಚುಕ್ಕಿ ಎರಚುವುದೂ ಇದರಿಂದಲೇ.

ನನಗೆ ಇದು ಬೇಕಾಗಿದ್ದಕ್ಕೆ ಎರಡು ಕಾರಣ. ಮೊದಲನೆಯದು ಶಾಖ. ಆ ಶೆಡ್ಡಿನ ಶೀಟು ಏಪ್ರಿಲ್‌ನಲ್ಲಿ ಕೆಂಡ. ಅಂಚಿನ ಲೇಸರ್‌ನ ತರಂಗಾಂತರ ಡಿಗ್ರಿಗೆ ಸುಮಾರು 0.3 ನ್ಯಾನೊಮೀಟರ್ ಜಾರುತ್ತದೆ, ವಿಕ್ಸೆಲ್‌ನದು 0.06 ಅಷ್ಟೇ. 40 ಡಿಗ್ರಿ ಏರಿಳಿದರೂ ಎರಡೂವರೆ ನ್ಯಾನೊಮೀಟರ್ ದಾಟುವುದಿಲ್ಲ, ಹಾಗಾಗಿ 850ರ ಆಸುಪಾಸಿನ ಬೆಳಕನ್ನಷ್ಟೇ ಬಿಟ್ಟು ಉಳಿದ ಬಿಸಿಲು ತಡೆಯುವ ಫಿಲ್ಟರನ್ನು ರಿಸೀವರ್ ಮುಂದೆ ಧೈರ್ಯವಾಗಿ ಹಾಕಬಹುದು. ಎರಡನೆಯದು ವೇಗ. ಸೆಕೆಂಡಿಗೆ 10 ಕೋಟಿ ಬಿಟ್ ಕಳಿಸಬೇಕಿತ್ತು. ರಿಮೋಟ್‌ನಲ್ಲಿರುವಂಥ ಎಲ್‌ಇಡಿಗೆ ಆ ವೇಗ ಆಗುವುದಿಲ್ಲ, ವಿಕ್ಸೆಲ್‌ಗೆ ಅದು ಲೆಕ್ಕಕ್ಕೇ ಇಲ್ಲ.

ಈಗ ಮುಖ್ಯ ವಿಷಯ. ವಿಕ್ಸೆಲ್ ಬೆಳಕು ದುಂಡಗಿರುತ್ತದೆ, ಲೆನ್ಸ್ ಹಾಕಿದರೆ ಮುಗೀತು ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಕಡಿಮೆ ಕರೆಂಟಿನಲ್ಲಿ ದುಂಡಗಿರುತ್ತದೆ. ಮಲ್ಟಿಮೋಡ್ ವಿಕ್ಸೆಲ್‌ಗೆ ಕರೆಂಟ್ ಏರಿಸುತ್ತ ಹೋದ ಹಾಗೆ ಒಳಗೆ ಬೇರೆ ಬೇರೆ ಮೋಡ್‌ಗಳು, ಅಂದರೆ ಬೆಳಕು ಹರಡಿಕೊಳ್ಳುವ ಬೇರೆ ಬೇರೆ ಆಕಾರಗಳು, ಎದ್ದು, ದೂರದಲ್ಲಿ ಬಿದ್ದ ಬೆಳಕು ಉದ್ದಿನವಡೆ ಥರ ನಡುವೆ ಮಂಕಾಗಿ ಸುತ್ತ ಹೊಳೆಯುತ್ತದೆ. 1 ಮಿಲಿಆಂಪಿಯರ್ ಆಸುಪಾಸಿನಲ್ಲಿ ಲೇಸರ್ ಶುರುವಾಗುತ್ತದೆ, ನಾನು ಓಡಿಸುವುದು 4ರಲ್ಲಿ. 2ರಲ್ಲಿ ನೋಡಿ ಜೋಡಿಸಿದರೆ 4ರಲ್ಲಿ ಬೇರೆಯೇ ಬೆಳಕು, ಅಲ್ವಾ? ಹಾಗಾಗಿ ಮೊದಲು ಕರೆಂಟ್ ಗೊತ್ತು ಮಾಡಿ, ಪೆಟ್ಟಿಗೆ ಬಿಸಿಯಾಗಲು ಬಿಟ್ಟು, ಆಮೇಲೆ ಲೆನ್ಸ್ ಮುಟ್ಟಿದೆ.

ಲೆನ್ಸ್ ಫೋಕಲ್ ಲೆಂತ್ 8 ಮಿಲಿಮೀಟರ್. ಬೆಳಕು ಹೊರಡುವ ಕಿಂಡಿ 10 ಮೈಕ್ರಾನ್. ಪೂರ್ತಿ ಫೋಕಸ್ ಮಾಡಿದರೆ ಕಿರಣ 20 ಮೀಟರಿಗೆ ಎರಡೂವರೆ ಸೆಂಟಿಮೀಟರಿನಷ್ಟು ಹರಡುತ್ತದೆ. ನೋಡೋದಕ್ಕೆ ಚೆನ್ನ, ಟ್ರಾಲಿಗೆ ಉಪಯೋಗವಿಲ್ಲ. ಹಳಿ ಮೇಲೆ ಟ್ರಾಲಿ ಒಂದು ಮಿಲಿರೇಡಿಯನ್ ಓಲಿದರೂ ಆ ತುದಿಯಲ್ಲಿ ಬೆಳಕು 2 ಸೆಂಟಿಮೀಟರ್ ಜರುಗುತ್ತದೆ. ಹಾಗಾಗಿ ಬೇಕಂತಲೇ ಫೋಕಸ್ ತಪ್ಪಿಸಿ 10 ಸೆಂಟಿಮೀಟರ್ ಅಗಲ ಮಾಡಿದೆ. ಅದಕ್ಕೆ ಲೆನ್ಸ್ ಸರಿಸಬೇಕಾದದ್ದು 0.1 ಮಿಲಿಮೀಟರ್ ಮಾತ್ರ. ಅರ್ಧ ಮಿಲಿಮೀಟರ್ ಪಿಚ್ ಇರುವ ಥ್ರೆಡ್ಡಿನಲ್ಲಿ ಅದು ಸುತ್ತಿನ ಐದನೇ ಒಂದು ಭಾಗ. ಅಲ್ಲೇ ಎರಡನೇ ಕ್ರಾಸಿನ ಲೇತ್ ಶಾಪಿನಲ್ಲಿ ಹಿತ್ತಾಳೆ ಬುಷ್ ಮಾಡಿಸಿದೆ, ಟರ್ನರ್ ಅಣ್ಣ ಥ್ರೆಡ್ ಎಷ್ಟು ನಯವಾಗಿ ಕಡಿದಿದ್ದರೆಂದರೆ ಬೆರಳಲ್ಲೇ ಹೊಂದಿಸಬಹುದಿತ್ತು.

"ಏನ್ ಸಾರ್, ಬೆಳಕೇ ಕಾಣ್ತಿಲ್ವಲ್ಲ" ಅಂದರು ಅವರು, ಉರಿಸಿ ತೋರಿಸಿದಾಗ. 850 ಕಣ್ಣಿಗೆ ಕಾಣುವುದಿಲ್ಲ ಅಂತಲೇ ಹೇಳಬೇಕು, ಅಪಾಯ ಇರುವುದೂ ಅಲ್ಲೇ. ಕಾಣದ್ದಕ್ಕೆ ರೆಪ್ಪೆ ಮುಚ್ಚುವುದಿಲ್ಲ. ಈ ತರಂಗಾಂತರದಲ್ಲಿ, ಸದಾ ಉರಿಯುವ ನೇರ ಕಿರಣಕ್ಕೆ ಕ್ಲಾಸ್ 1ರ (ಕಣ್ಣಿಗೆ ಸುರಕ್ಷಿತ ಅನ್ನುವ ಲೇಸರ್ ವರ್ಗ) ಮಿತಿ ಸುಮಾರು 0.78 ಮಿಲಿವಾಟ್. ಒಂದು ಪುಟ್ಟ ವಿಕ್ಸೆಲ್ 2 ಮಿಲಿವಾಟ್ ಕೊಡಬಲ್ಲದು, ಅಂದರೆ ಮಿತಿ ದಾಟುವುದು ಬಹಳ ಸುಲಭ. ಲೆನ್ಸ್ ಮುಂದೆ ಬೆಳಕು ತಗ್ಗಿಸುವ ಬೂದು ಗಾಜು ಹಾಕಿ ಹೊರಬರುವುದನ್ನು 0.7ಕ್ಕೆ ಇಳಿಸಿದೆ, ಮೀಟರಿನಲ್ಲಿ ಅಳೆದು ನೋಡಿ. ಈ ವಿಷಯದಲ್ಲಿ ಅಂದಾಜು ಬೇಡ, ದಯವಿಟ್ಟು. ಬೆಳಕು ಎಲ್ಲಿ ಬಿದ್ದಿದೆ ಅಂತ ನೋಡಲು ರಾತ್ರಿ ಕಾಣುವ ಹಳೇ ಸಿಸಿಟಿವಿ ಕ್ಯಾಮೆರಾ ಸಾಕು, ಬಿಳಿ ಹಾಳೆ ಹಿಡಿದರೆ ಸ್ಕ್ರೀನಿನಲ್ಲಿ ಚೆನ್ನಾಗಿ ಕಾಣುತ್ತದೆ.

0.7 ಇದ್ದರೆ ಸಾಕಾಗುತ್ತದಾ? ಗೋಡೆ ಕಡೆಯ ಲೆನ್ಸ್ 25 ಮಿಲಿಮೀಟರ್, ಆ 10 ಸೆಂಟಿಮೀಟರ್ ಬೆಳಕಿನ ಹದಿನಾರರಲ್ಲಿ ಒಂದು ಪಾಲು ಸಿಗುತ್ತದೆ. 40 ಮೈಕ್ರೊವಾಟ್‌ಗಿಂತ ಜಾಸ್ತಿ. ರಿಸೀವರ್‌ಗೆ ಕೆಲವೇ ಮೈಕ್ರೊವಾಟ್ ಸಾಕು. ಕಷ್ಟ ಇರುವುದು ಟ್ರಾಲಿ ಹತ್ತಿರ ಬಂದಾಗ, ಇಡೀ ಕಿರಣ ಒಳಗೆ ಸುರಿದು ಆಂಪ್ಲಿಫೈಯರ್ ತುಂಬಿ ಹೋಗಬಾರದು. ಆ 16 ಪಟ್ಟು ಏರಿಳಿತ ತಡೆಯುವ ಆಂಪ್ಲಿಫೈಯರನ್ನೇ ಹುಡುಕಿ ಹಾಕಿದೆ.

ಇನ್ನೆರಡು ಮಾತು. ಕಿರಣದ ದಾರಿಯಲ್ಲಿ 45 ಡಿಗ್ರಿಗೆ ಓರೆ ಮಾಡಿದ ಗಾಜು ಇಡಬೇಡಿ. ಕರೆಂಟ್ ಬದಲಾದಾಗ ವಿಕ್ಸೆಲ್‌ನ ಪೋಲರೈಸೇಶನ್ (ಬೆಳಕಿನ ಅಲೆ ಕಂಪಿಸುವ ದಿಕ್ಕು) ತಟ್ಟನೆ ತಿರುಗಬಹುದು, ಓರೆ ಗಾಜು ಅದನ್ನು ಬೆಳಕಿನ ಏರಿಳಿತವಾಗಿ ಮಾಡಿಬಿಡುತ್ತದೆ. ಆಮೇಲೆ ಸ್ಟ್ಯಾಟಿಕ್, ಅಂದರೆ ಮೈಯಲ್ಲಿ ಸೇರಿಕೊಳ್ಳುವ ವಿದ್ಯುತ್. ಫೆಬ್ರವರಿ, ಮಾರ್ಚ್‌ನಲ್ಲಿ ಬೆಂಗಳೂರಿನ ಗಾಳಿ ಒಣಗಿರುತ್ತದೆ, ಸ್ವೆಟರ್ ತೆಗೆದರೂ ಚಟಚಟ. ಮಣಿಕಟ್ಟಿಗೆ ಅರ್ಥ್ ಪಟ್ಟಿ ಇಲ್ಲದೆ ವಿಕ್ಸೆಲ್ ಮುಟ್ಟಬಾರದು. ಅದರ ಏಟು ತಿಂದ ಚಿಪ್ ಅವತ್ತು ಚೆನ್ನಾಗಿಯೇ ಉರಿಯಬಹುದು, ಆಮೇಲೆ ಮೆಲ್ಲಗೆ ಮಂಕಾಗುತ್ತದೆ, ಕಾರಣ ಹುಡುಕುವುದು ತುಂಬ ಕಷ್ಟ. ಎಸ್.ಪಿ. ರೋಡಿನಲ್ಲಿ ಪಟ್ಟಿ, ಮ್ಯಾಟ್ ಎರಡೂ ಸಿಗುತ್ತವೆ.

ಲಿಂಕ್ ಈಗ ದಿನಾ ಓಡುತ್ತಿದೆ. ಫ್ಯಾಕ್ಟರಿಯಲ್ಲಿ ಪೌಡರ್ ಕೋಟಿಂಗ್ ಧೂಳು ಜಾಸ್ತಿ, ಅದಕ್ಕೆ ರಿಸೀವರಿಗೆ ಬರುವ ಬೆಳಕು ಎಷ್ಟು ಅನ್ನುವುದನ್ನು ಪ್ಯಾನೆಲ್ ಮೇಲೆ ಒಂದು ಮೀಟರಿನಲ್ಲಿ ತೋರಿಸಿದ್ದೇನೆ. ಮುಳ್ಳು ಅರ್ಧಕ್ಕಿಂತ ಇಳಿದರೆ ಆಪರೇಟರ್ ಎರಡೂ ಲೆನ್ಸ್ ಒರೆಸುತ್ತಾರೆ, ಟ್ರಾಲಿ ಕಡೆಯ ಪೆಟ್ಟಿಗೆಯ ಸ್ವಿಚ್ ಆರಿಸಿದ ಮೇಲೆ.