ಕನ್ನಡಿ ತಿರುಗಿಸಿದರೂ ಬಣ್ಣ ಬದಲಾಗದ ಡೈ ಲೇಸರ್: ತಪ್ಪು ಕ್ಯುವೆಟ್ಟಿನದು

ಡೈ ಲೇಸರ್ ಎಂದರೆ ದ್ರವದಲ್ಲಿ ಕರಗಿದ ಬಣ್ಣದಿಂದ (ಡೈ) ಕಿರಣ ಹೊಮ್ಮಿಸುವ ಲೇಸರ್. ನನ್ನ ವ್ಯವಸ್ಥೆ ಇದು: ರೋಡಮಿನ್ 6ಜಿ ಎಂಬ ಡೈ, 10 ಮಿ.ಗ್ರಾಂ, 100 ಮಿ.ಲೀ. ಎಥನಾಲ್‌ನಲ್ಲಿ. ಅದನ್ನು ತುಂಬಲು 10 ಮಿ.ಮೀ. ಕ್ಯುವೆಟ್ (ಚೌಕದ ಪುಟ್ಟ ಗಾಜಿನ ಪಾತ್ರೆ), ನಾಲ್ಕೂ ಬದಿ ಪಾರದರ್ಶಕ. 532 ನ್ಯಾನೋಮೀಟರ್‌ ಪಲ್ಸ್ ಪಂಪ್ (ಡೈಗೆ ಶಕ್ತಿ ತುಂಬುವ ಹಸಿರು ಲೇಸರ್), ಸಿಲಿಂಡರ್ ಲೆನ್ಸಿನಿಂದ ಅಡ್ಡಗೆರೆಯಾಗಿ ಬೀಳುತ್ತದೆ. ಮಿ.ಮೀ.ಗೆ 1800 ಗೆರೆಯ ಗ್ರೇಟಿಂಗ್ (ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಫಲಕ), ಸುಮಾರು 88 ಡಿಗ್ರಿ ಓರೆಯಲ್ಲಿ. ಲಿಟ್‌ಮನ್ ಮತ್ತು ಮೆಟ್‌ಕಾಫ್ 1978ರಲ್ಲಿ ಪ್ರಕಟಿಸಿದ ಜೋಡಣೆ. ಕಿರಣಹಿಗ್ಗಿಸುವ ದುಬಾರಿ ಲೆನ್ಸುಗಳು ಬೇಡ.

ಗ್ರೇಟಿಂಗ್ ಬಿಡಿಸಿದ ಬಣ್ಣಗಳಲ್ಲಿ ಒಂದನ್ನು ಆರಿಸಿ ಹಿಂದಿರುಗಿಸುವ ಟ್ಯೂನಿಂಗ್ ಕನ್ನಡಿ ತಿರುಗಿಸಿದರೆ ಬಣ್ಣ ಕದಲಲಿಲ್ಲ. ಕನ್ನಡಿಯ ಮುಂದೆ ಕಪ್ಪು ರಟ್ಟು ಹಿಡಿದರೂ ಹಳದಿ ಚುಕ್ಕೆ ಹಾಗೇ ಉಳಿಯಿತು. ಅಂದರೆ ಕ್ಯುವೆಟ್ಟಿನ ಎರಡು ಕೊನೆಯ ಗೋಡೆಗಳೇ ಕನ್ನಡಿಗಳಾಗಿದ್ದವು. ಗಾಜು-ಗಾಳಿ ಅಂಚು ಹಿಂದಿರುಗಿಸುವುದು ಶೇ. 4 ಮಾತ್ರ, ಆದರೆ ಬೆಳಕನ್ನು ಹಿಗ್ಗಿಸುವ ಡೈನ ಶಕ್ತಿಗೆ (ವರ್ಧನೆ) ಅಷ್ಟು ಸಾಕು.

ಮೊದಲು ಕ್ಯುವೆಟ್ಟನ್ನು ನಿಂತಲ್ಲೇ ಎಡಬಲಕ್ಕೆ ತಿರುಗಿಸಿದ್ದು ವ್ಯರ್ಥ. ಈ ಸಾಂದ್ರತೆಯಲ್ಲಿ ಪಂಪ್ ಬೆಳಕು ಸುಮಾರು 0.2 ಮಿ.ಮೀ. ಆಳದಲ್ಲೇ ಹೀರಿಹೋಗುತ್ತದೆ, ಹೊಳೆಯುವ ಗೆರೆ ಮುಂಗೋಡೆಗೆ ಅಂಟಿಕೊಂಡು ಅದರ ಜೊತೆಗೇ ತಿರುಗುತ್ತದೆ. ಪಂಪ್ ಕಿರಣವನ್ನೇ ಅಕ್ಷವಾಗಿಟ್ಟು ಕ್ಯುವೆಟ್ಟನ್ನು ಪಕ್ಕಕ್ಕೆ ವಾಲಿಸಬೇಕು. ಅಡಿಗೆ 10 ಡಿಗ್ರಿಯ ಬೆಣೆ ಕೊಟ್ಟೆ. ಗೆರೆ ಗೋಡೆಯ ಮೇಲೆ ಓರೆಯಾಯಿತು, ಕೊನೆಯ ಗೋಡೆಗಳ ಪ್ರತಿಫಲನ ಗೆರೆಗೆ ಮರಳುವುದು ತಪ್ಪಿತು. ಈಗ ರಟ್ಟು ಹಿಡಿದರೆ ಚುಕ್ಕೆ ಆರುತ್ತದೆ, ಕನ್ನಡಿ ತಿರುಗಿಸಿದರೆ ಬಣ್ಣ ಹಳದಿಯಿಂದ ಕಿತ್ತಳೆಗೆ ಜಾರುತ್ತದೆ.

ಸೆಕೆಂಡಿಗೆ 10 ಪಲ್ಸ್ ದಾಟಿದರೆ ದ್ರವ ಬಿಸಿಯಾಗಿ ಕಿರಣ ನಡುಗುತ್ತದೆ. ಪುಟ್ಟ ಮ್ಯಾಗ್ನೆಟಿಕ್ ಸ್ಟರರ್ (ಅಯಸ್ಕಾಂತದಿಂದ ದ್ರವ ಕಲಕುವ ಸಾಧನ) ಹಾಕಿ. 532ರ ಕನ್ನಡಕ ಹಳದಿ-ಕಿತ್ತಳೆ ಕಿರಣವನ್ನು ತಡೆಯದಿರಬಹುದು, ಎರಡಕ್ಕೂ ಹೊಂದುವುದನ್ನೇ ಧರಿಸಿ. ಎಥನಾಲ್ ಹತ್ತಿರ ಬೆಂಕಿ ಬೇಡ.